ಕೈ ಕ್ಲಚ್ಚಿನ ಪದ್ಮಿನಿ

ಗೇರ್‌ಬಾಕ್ಸ್ ಕೆಟ್ಟಿದೆ ಎಂದು ಯಾರಾದರೂ ಬಂದರೆ ನಾನು ತಟ್ಟನೆ ನಂಬುವುದಿಲ್ಲ. ಅರ್ಧ ಗಾಡಿಗಳಲ್ಲಿ ಕೆಟ್ಟಿರುವುದು ಬೇರೆಯೇ ಏನೋ ಇರುತ್ತದೆ. ಆದರೆ ಆ ಕಾರು ಬಂದಾಗ ನಂಬಿದೆ. ಅದು ಆವರಗೆರೆಯ ತಿರುವಿನಲ್ಲಿ ಇರುವಾಗಲೇ, ನನ್ನ ಶೆಡ್ಡಿನ ಮುಂದೆ ನಿಲ್ಲುವ ಮೊದಲೇ, ಗೇರು ಗೋಳಾಡುವುದು ನನಗೆ ಕೇಳಿಸಿತ್ತು.

ಕೆನೆ ಬಣ್ಣದ ಹಳೆಯ ಪದ್ಮಿನಿ. ಯಜಮಾನ ನಂದಿಗುಡಿಯವನು. ಹೊಲಿಗೆ ಮಿಷನ್ ರಿಪೇರಿ ಅವನ ಕಸಬು. ಚಿಕ್ಕಂದಿನಲ್ಲಿ ಜ್ವರ ಬಂದು ಅವನ ಎಡಗಾಲು ಸೊರಗಿದೆ. ಊರಿಕೊಂಡು ನಿಲ್ಲಬಲ್ಲ, ಆ ಕಾಲಿನಿಂದ ಒತ್ತಲಾರ. ಕ್ಲಚ್ಚು ಎಡಗಾಲಿನ ಕೆಲಸ. ಅದಕ್ಕೇ ಬಹಳ ಹಿಂದೆ ನನ್ನ ಗಂಡ ಈ ಕಾರಿಗೆ ಕೈ ಕ್ಲಚ್ಚು ಮಾಡಿಕೊಟ್ಟಿದ್ದ.

ಪದ್ಮಿನಿಯಲ್ಲಿ ಗೇರಿನ ಕೋಲು ಸ್ಟೀರಿಂಗಿನ ಪಕ್ಕದಲ್ಲೇ ಇರುತ್ತದೆ. ಆ ಕೋಲಿಗೆ ಸ್ಕೂಟರಿನ ಕ್ಲಚ್ ಲಿವರಿನಂಥದ್ದೊಂದನ್ನು ಉದ್ದ ಮಾಡಿ ಕೂರಿಸಿದ್ದ. ಅಲ್ಲಿಂದ ಒಂದು ಕೇಬಲ್ ಇಳಿದು, ಮೊಣಕಾಲಿನ ಹತ್ತಿರ ಪಿನ್ನಿನ ಮೇಲೆ ತಿರುಗುವ ಒಂದು ಮುಮ್ಮೂಲೆ ಪಟ್ಟಿಗೆ ಸೇರುತ್ತದೆ. ಪಟ್ಟಿ ತಿರುಗಿದರೆ ಇನ್ನೊಂದು ತುದಿಯ ತಂತಿ ಕ್ಲಚ್ ಪೆಡಲನ್ನು ಕೆಳಗೆ ಎಳೆಯುತ್ತದೆ. ಒಂದೇ ಕೈಯಲ್ಲಿ ಕ್ಲಚ್ಚು ಒತ್ತು, ಅದೇ ಕೈಯಲ್ಲಿ ಗೇರು ಹಾಕು. ಪಟ್ಟಿಯ ಕಬ್ಬಿಣ ಮುಚ್ಚಿಹೋದ ಬಟ್ಟೆ ಗಿರಣಿಯ ಗುಜರಿಯಿಂದ ತಂದದ್ದು. ಮಾಡಿದವನು ಈಗಿಲ್ಲ. ಅಂಥದ್ದು ಇನ್ನೊಂದು ಕಾರಿನಲ್ಲಿ ಇಲ್ಲ. ಮಿಷನ್ ರಿಪೇರಿಯವನಿಗೆ ಬೇರೆ ಕಾರು ಓಡಿಸಲೂ ಬರುವುದಿಲ್ಲ.

ಶಾಲೆ ಶುರುವಾಗುವ ಮುಂಚಿನ ದಿನಗಳು ಅವು. ಹರಿಹರ ತಾಲೂಕಿನ ಹಳ್ಳಿಗಳಲ್ಲಿ ಮನೆಮನೆಯಲ್ಲಿ ಹೆಂಗಸರು ಯೂನಿಫಾರಂ ಹೊಲಿಯುವ ಕಾಲ. ಎಲ್ಲ ಮಿಷನ್ನುಗಳೂ ಆಗಲೇ ಕೆಡುತ್ತವೆ. ಮಿಷನ್ನಿನ ತಲೆ ಎಂದರೆ ಎರಕದ ಕಬ್ಬಿಣ. ಅದನ್ನು ಹೊತ್ತು ಆ ಕಾಲಿನಲ್ಲಿ ಬಸ್ಸು ಹತ್ತಲು ಆಗುತ್ತದೆಯೇ? ಕಾರು ನಿಂತರೆ ಅವನ ಕಸಬು ನಿಂತ ಹಾಗೆ.

"ಏನಾಗೈತೋ ಇದಕ್ಕ?" ಎಂದೆ.

"ಏನಾಗಿಲ್ಲ ಅಂತ ಕೇಳ್ರಿ ಅತ್ಗೆಮ್ಮ." ನನ್ನ ಗಂಡನನ್ನು ಅಣ್ಣ ಎನ್ನುತ್ತಿದ್ದ, ನಾನು ಅತ್ತಿಗೆ. "ಒಂದನೇ ಗೇರು ಹಾಕಿದ್ರೆ ಕರ್ರ್ ಅಂತೈತೆ. ರಿವರ್ಸೂ ಹಂಗೇ. ಮೂರನೇದು ಹಾಕಿದ್ರೆ ತಾನಾಗೇ ಹೊರಗ ಬರ್ತೈತೆ. ಮೊಣಕೈಲಿ ಅವುಚಿ ಹಿಡ್ಕೊಂಡು ಬಂದೀನಿ."

"ಮೊದ್ಲೇ ಯಾಕ ತರ್ಲಿಲ್ಲ?"

"ಹೊಂದ್ಕೊಂಡು ಹೋಗ್ತೈತೆ ಅಂತ ಸುಮ್ಮನಿದ್ದೆ."

"ಹೆಂಡ್ತಿ ಜೊತಿಗೆ ಹೊಂದ್ಕೊಂಡು ಹೋಗು. ಗೇರಿನ ಜೊತಿಗೆ ಬ್ಯಾಡ."

ಅವನು ನಕ್ಕ. ಆಮೇಲೆ ಬಾಗಿ ಆ ಮುಮ್ಮೂಲೆ ಪಟ್ಟಿಯ ಮೇಲೆ ಕೈಯಿಟ್ಟ. ಅದರ ನಡುವಿನ ಪಿನ್ನಿಗೆ ಅರಿಶಿನದ ದಾರ ಸುತ್ತಿತ್ತು. ಪ್ರತಿ ಆಯುಧ ಪೂಜೆಗೂ ಒಂದು ಸುತ್ತು. ಮೇಲೆ ವಿಭೂತಿ, ಕುಂಕುಮ, ಎಣ್ಣೆಯ ಜಿಡ್ಡು ಎಲ್ಲ ಕೂಡಿ ದಾರ ಹಳೆ ಗೋಂದಿನಂತೆ ಗಟ್ಟಿಯಾಗಿತ್ತು.

"ಗೇರ್‌ಬಾಕ್ಸು ಏನ್ ಬೇಕಾದ್ರೂ ಮಾಡ್ರಿ. ಇದನ್ನ ಮಾತ್ರ ಮುಟ್ಟಬ್ಯಾಡ್ರಿ. ಅಣ್ಣ ಮಾಡಿದ್ದು. ನನ್ನ ಎಡಗಾಲು ಇದು."

"ಗೇರ್‌ಬಾಕ್ಸಿಗೂ ಅದಕ್ಕೂ ಏನ್ ಸಂಬಂಧ? ನಾ ಯಾಕ ಮುಟ್ಲಿ?" ಎಂದೆ.

ಈಗ ನೆನೆದರೆ ನನಗೇ ನಗು ಬರುತ್ತದೆ.

ಮರುದಿನ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿದೆ. ಪಕ್ಕದ ಶೆಡ್ಡಿನ ವೆಲ್ಡರ್ ಜೊತೆಗೆ ಬಂದ. ಅವನ ಮಕ್ಕಳೇ ಕಾಲೇಜಿಗೆ ಹೋಗುತ್ತಾರೆ, ಆದರೂ ನನ್ನನ್ನು ದೊಡ್ಡಮ್ಮ ಎನ್ನುತ್ತಾನೆ. ನನ್ನ ಸೊಂಟ ಮೊದಲಿನಂತಿಲ್ಲ, ಗೇರ್‌ಬಾಕ್ಸು ಮೊದಲಿನಷ್ಟೇ ಭಾರ. ಬ್ಯಾಟರಿ ಬಿಡಿಸಿದೆವು. ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟನ್ನು ಕಳಚಿದೆವು. ಅದರ ರಬ್ಬರ್ ಜೋಡಣೆ ಒಣ ರೊಟ್ಟಿಯಂತೆ ಸೀಳಿತ್ತು, ಅದನ್ನೂ ಬದಲಾಯಿಸಬೇಕು ಎಂದು ಪಕ್ಕಕ್ಕೆ ಇಟ್ಟೆ. ಗೇರಿನ ಕೋಲಿನಿಂದ ಬರುವ ಸರಳುಗಳನ್ನು ಬಿಡಿಸಿ, ಬೋಲ್ಟು ಸಡಿಲಿಸಿ, ಹಗ್ಗದಲ್ಲಿ ಇಳಿಬಿಟ್ಟು ಬಾಕ್ಸನ್ನು ಹಲಗೆಯ ಮೇಲೆ ಇಳಿಸಿದೆವು. ಕೈ ಕ್ಲಚ್ಚಿನ ಪಟ್ಟಿ ಒಳಗೆ ತನ್ನ ಪಾಡಿಗೆ ತಾನಿತ್ತು. ಅದು ಈ ದಾರಿಗೆ ಅಡ್ಡ ಬರುವುದಿಲ್ಲ.

ಎಣ್ಣೆ ಬಸಿದಾಗ ಜರಡಿ ಬಟ್ಟೆಯಲ್ಲಿ ಕಬ್ಬಿಣದ ಚೂರು ಉಳಿಯಿತು. ಗಾಡಿ ಮಾರುವವರು ಸದ್ದು ಅಡಗಿಸಲು ಮರದ ಹೊಟ್ಟು ತುಂಬುವುದುಂಟು, ಇದರಲ್ಲಿ ಅಂಥ ಕಳ್ಳತನವೇನೂ ಇರಲಿಲ್ಲ. ಬರೀ ಚೂರು. ಹಲ್ಲಿನ ಚೂರು.

ನಾನು ಬಿಚ್ಚಿದ್ದನ್ನು ಬರೆದಿಟ್ಟುಕೊಳ್ಳುವವಳಲ್ಲ. ಬೇರಿಂಗಿನ ಮೇಲಿನ ಅಂಕಿ ಓದಲು ಬರುತ್ತದೆ, ಬಸ್ಸಿನ ಬೋರ್ಡು ಓದಲು ಬರುತ್ತದೆ, ಈಗ ಹೀಗೆ ತಿಣುಕಿ ನಾಲ್ಕು ಸಾಲು ಬರೆಯಲು ಬರುತ್ತದೆ. ಕೆಲಸದಲ್ಲಿ ನನ್ನ ಲೆಕ್ಕ ಊಟದ ಎಲೆಯದು. ಹಳೆ ಚಾದರ ಹಾಸಿ, ಊಟ ಬಡಿಸುವ ಕ್ರಮದಲ್ಲೇ ಸಾಮಾನು ಇಡುತ್ತೇನೆ. ಮೊದಲು ಬಿಚ್ಚಿದ ಲಾಕು ಬಳೆಗಳು ಎಲೆಯ ತುದಿಯ ಉಪ್ಪು. ಗುಂಡು, ಸ್ಪ್ರಿಂಗು ಉಪ್ಪಿನಕಾಯಿ. ಗೇರು ಹಾಕುವ ಫೋರ್ಕುಗಳು ಕೋಸಂಬರಿ, ಪಲ್ಯ. ನಡುವೆ ಅನ್ನದ ಜಾಗದಲ್ಲಿ ಮುಖ್ಯ ಶಾಫ್ಟು, ಅದರ ಗೇರುಗಳು ಇಳಿದ ವರಸೆಯಲ್ಲೇ. ಜೋಡಿಸುವಾಗ ಊಟ ಹಿಂದುಮುಂದು ಮಾಡಿದರಾಯಿತು. ಬಡಿಸುವುದನ್ನು ಮರೆತ ಹೆಂಗಸು ಉಂಟೇನು?

ಸಾಯಂಕಾಲ ಮಿಷನ್ ರಿಪೇರಿಯವನು ಬಸ್ಸಿಳಿದು ನೋಡಲು ಬಂದ. ಚಾದರದ ಮುಂದೆ ಕೂತು ಒಂದೊಂದನ್ನೂ ನೋಡಿದ.

"ಎಲ್ಲಾ ಬಡಿಸೀರಿ, ಪಾಯಸ ಕಾಣ್ವಲ್ದು?"

"ಗೇರಾಯಿಲ್ಲೇ ಪಾಯಸ. ಕೊನಿಗೆ ಬರ್ತೈತೆ. ಕೈ ಹಾಕಬ್ಯಾಡ, ಪಂಕ್ತಿ ಕೆಡ್ತೈತೆ."

ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಎಲ್ಲ ಬಯಲಾಯಿತು. ಎರಡು ಬೇರಿಂಗು ಹೋಗಿದ್ದವು. ಗೇರು ಬೀಳುವಾಗ ಎರಡು ಚಕ್ರಗಳ ವೇಗ ಸಮ ಮಾಡುವ ಬಳೆಗಳು, ಸಿಂಕ್ರೊ ಅನ್ನುತ್ತಾರೆ, ನುಣ್ಣಗಾಗಿದ್ದವು. ಅವು ಈಗಲೂ ಸಿಗುತ್ತವೆ. ವೆಲ್ಡರ್ ಫೋನಿನಲ್ಲಿ ಹುಡುಕಿ ತರಿಸಿದ. ಒಂದನೇ ಗೇರಿನ ಚಕ್ರ ಮಾತ್ರ ಎಲ್ಲೂ ಇರಲಿಲ್ಲ. ಪದ್ಮಿನಿಯ ಒಂದನೇ ಗೇರಿಗೆ ಸಿಂಕ್ರೊ ಇಲ್ಲ. ನೇರ ಹಲ್ಲಿನ ಚಕ್ರ, ಜಾರಿ ಬಂದು ಇನ್ನೊಂದಕ್ಕೆ ಕಚ್ಚಿಕೊಳ್ಳುತ್ತದೆ. ಅದರ ಹಲ್ಲುಗಳ ಅಂಚು ಇಲಿ ಕಡಿದ ತೆಂಗಿನಚೂರಿನ ಹಾಗಿತ್ತು. ರಿವರ್ಸಿನ ಚಕ್ರವೂ ಹಾಗೇ.

ಗುಜರಿಯಲ್ಲಿ ಇಡೀ ಗೇರ್‌ಬಾಕ್ಸ್ ಒಂದಿದೆ ಎಂದು ಗೊತ್ತಾಗಿ ಹೋದೆ. ಗುಜರಿಯವನು ಅದಕ್ಕೆ ಬಣ್ಣ ಬಳಿದಿಟ್ಟಿದ್ದ.

"ಹೊಸದಿದ್ದಂಗೈತೆ ನೋಡ್ರಿ ಅಮ್ಮಾ. ತಗಂಡೋಗಿ ಕೂರ್ಸೋದಷ್ಟೆ."

ಶಾಫ್ಟನ್ನು ಹಿಡಿದು ಅಲ್ಲಾಡಿಸಿದೆ. ತೊಟ್ಟಿಲಿನ ಹಾಗೆ ತೂಗಿತು.

"ಮದಲಿಂಗನಂಗ ಸಿಂಗರಿಸೀಯಪ್ಪ, ಬಾಯಾಗ ಹಲ್ಲು ಅದಾವಾ?" ಎಂದು ವಾಪಸ್ ಬಂದೆ. ಹಳೆಯದನ್ನು ತೆಗೆದು ಅದಕ್ಕಿಂತ ಹಳೆಯದನ್ನು ಹಾಕುವುದು ರಿಪೇರಿಯಲ್ಲ.

ಉಳಿದದ್ದು ಹರಿಹರ. ಅಲ್ಲಿ ದೊಡ್ಡ ಕಾರ್ಖಾನೆ ಮುಚ್ಚಿದಾಗ ಕೆಲವರು ಮನೆ ಹಿತ್ತಲಲ್ಲೇ ಲೇತು ಹಾಕಿಕೊಂಡರು. ಅಂಥವರಲ್ಲೊಬ್ಬ ಮೇಸ್ತ್ರಿ ಗೇರಿನ ಹಲ್ಲು ಕತ್ತರಿಸುತ್ತಾರೆ. ಎರಡೂ ಚಕ್ರಗಳನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಚೀಲವನ್ನು ಕಾಲಿನ ಹತ್ತಿರ ಇಟ್ಟಾಗ ದಡ್ ಅಂದಿತು.

"ಅಜ್ಜಿ, ಏನದು, ರುಬ್ಬೋ ಗುಂಡಾ?" ಎಂದ ಕಂಡಕ್ಟರ್.

"ಹಲ್ಲು ಕಟ್ಸಾಕ ಒಯ್ಯಾಕತ್ತೀನಿ," ಎಂದೆ. ಅವನು ನನ್ನ ಬಾಯಿ ನೋಡಿ ಟಿಕೆಟ್ ಹರಿದ.

ಮೇಸ್ತ್ರಿ ಕನ್ನಡಕ ಏರಿಸಿ ಚಕ್ರವನ್ನು ಬೆಳಕಿಗೆ ಹಿಡಿದರು. ಹಲ್ಲಿನ ಮೈಯನ್ನು ಉಗುರಿನಿಂದ ಸವರಿದರು. ಆಮೇಲೆ ಅಂಚನ್ನು.

"ಅಕ್ಕಾರೆ, ಇದು ಸವೆದಿದ್ದಲ್ಲ. ಮೈ ನೋಡ್ರಿ, ಚೆನ್ನಾಗೈತೆ. ಬರೇ ಅಂಚು ತಿಂದೈತೆ. ತಿರುಗೋ ಚಕ್ರಕ್ಕ ಯಾರೋ ಜಬರ್ದಸ್ತಿ ಇದನ್ನ ಹೊಂದ್ಸ್ಯಾರೆ."

"ಓಡ್ಸೋನು ಹಂಗದಾನೆ. ಪೂರಾ ನಿಲ್ಲೋದ್ರೊಳಗ ಹಾಕ್ತಾನೇನೋ."

"ಇರಬಹುದು," ಎಂದರು. ಅವರು ಕಾರನ್ನು ನೋಡಿರಲಿಲ್ಲ. ನಾನು ನೋಡಿದ್ದೆ. ಆ ಮಾತನ್ನು ಅಲ್ಲೇ ಬಿಟ್ಟೆ. ಮೇಸ್ತ್ರಿಯ ಹೆಂಡತಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ತಿಂದು ಬಂದೆ.

ಚಕ್ರಗಳು ಬೇಗ ತಯಾರಾದವು. ಕತ್ತರಿಸಿದ ಮೇಲೆ ಅವನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡಿಸಬೇಕು, ಇಲ್ಲದಿದ್ದರೆ ಹಲ್ಲು ಬೆಲ್ಲದ ಹಾಗೆ ಕರಗುತ್ತದೆ. ಅದನ್ನೂ ಮೇಸ್ತ್ರಿಯೇ ಮಾಡಿಸಿ ಕೊಟ್ಟರು. ಆದರೆ ಬೆಂಕಿಗೆ ಹೋಗಿ ಬಂದ ಕಬ್ಬಿಣ ಹೋದ ಹಾಗೇ ಬರುವುದಿಲ್ಲ. ಒಂದನೇ ಗೇರಿನ ಚಕ್ರ ಶಾಫ್ಟಿನ ಮೇಲೆ ಅರ್ಧ ಜಾರಿ ನಿಂತುಬಿಟ್ಟಿತು.

"ಸುತ್ಗಿ ಕೊಡ್ಲಾ ದೊಡ್ಡಮ್ಮ?" ಎಂದ ವೆಲ್ಡರ್.

"ಸುತ್ಗಿ ನಿನ್ನ ತಲಿಗೆ ಇಟ್ಕ."

ಬಡಿದು ಕೂರಿಸಿದ್ದು ಜಾರುವುದಿಲ್ಲ. ಈ ಚಕ್ರಕ್ಕೆ ಜಾರುವುದೇ ಕೆಲಸ. ವಾಲ್ವು ಉಜ್ಜುವ ಪೇಸ್ಟನ್ನು ಬೆರಳಿನಲ್ಲಿ ಸವರಿ, ಚಕ್ರವನ್ನು ಶಾಫ್ಟಿನ ಮೇಲೆ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತ ಕೂತೆ. ತೊಳೆ, ನೋಡು, ಮತ್ತೆ ಸವರು. ಮೂರ್ನಾಲ್ಕು ದಿನ ಅದೇ ಆಯಿತು. ಅಕ್ಕಿ ಆರಿಸುವಷ್ಟೇ ತಾಳ್ಮೆಯ ಕೆಲಸ, ಬೆನ್ನು ಮಾತ್ರ ಹೆಚ್ಚು ನೋಯುತ್ತದೆ. ಕೊನೆಗೊಮ್ಮೆ ಶಾಫ್ಟನ್ನು ನೆಟ್ಟಗೆ ಹಿಡಿದರೆ ಚಕ್ರ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯಿತು. ಅದೇ ಗುರುತು. ಸೀಮೆಎಣ್ಣೆಯಲ್ಲಿ ಒಂದು ಕಣ ಪೇಸ್ಟು ಉಳಿಯದಂತೆ ತೊಳೆದೆ. ಪೇಸ್ಟು ಒಳಗೆ ಉಳಿದರೆ ಹೊಸ ಬೇರಿಂಗನ್ನೂ ಅದೇ ತಿನ್ನುತ್ತದೆ.

ಆಮೇಲೆ ಹಿಂದುಮುಂದಾಗಿ ಊಟ. ಒಂದು ಗುಂಡು ಸ್ಪ್ರಿಂಗಿನಿಂದ ಹಾರಿ ಗುಂಡಿಯ ಮೂಲೆಗೆ ಬಿತ್ತು, ಅಯಸ್ಕಾಂತ ಆಡಿಸಿ ಹಿಡಿದೆ. ಕ್ಲಚ್ ಪ್ಲೇಟು ನೋಡಿದೆ, ಹೋಗಿತ್ತು, ಹೊಸದು ಹಾಕಿದೆ. ಬಾಕ್ಸನ್ನು ಮತ್ತೆ ಮೇಲಕ್ಕೆ ಎತ್ತುವಾಗ ವೆಲ್ಡರ್ ಜಾಕು ತಂದ. ಎಲ್ಲ ಕೂತ ಮೇಲೆ ಪಾಯಸ ಬಡಿಸಿದೆ.

ನಾನೇ ಓಡಿಸಿ ನೋಡಿದೆ. ಆವರಗೆರೆಯಿಂದ ಹೊರಟು ವಿದ್ಯಾನಗರದ ಹಾಸ್ಟೆಲ್‌ಗಳ ಮುಂದೆ ಒಂದು ಸುತ್ತು ಹಾಕಿ ಬಂದೆ. ಸೀರೆಯ ಮೇಲೆ ಗಂಡನ ಹಳೆ ಅಂಗಿ ಹಾಕಿಕೊಂಡ ಮುದುಕಿ ಪದ್ಮಿನಿ ಓಡಿಸುವುದನ್ನು ಹುಡುಗರು ಫೋನಿನಲ್ಲಿ ಹಿಡಿದರು. ಹಿಡಿಯಲಿ. ಒಂದನೇ ಗೇರು ಬಿದ್ದದ್ದೇ ತಿಳಿಯಲಿಲ್ಲ. ಮೂರನೆಯದು ಹಾಕಿದ ಜಾಗದಲ್ಲೇ ನಿಂತಿತು. ರಿವರ್ಸೂ ಸದ್ದಿಲ್ಲ. ಫೋನ್ ಮಾಡಿಸಿದೆ, ಬಾ, ಒಯ್ಯಿ ಎಂದು.

ಮಿಷನ್ ರಿಪೇರಿಯವನು ಬಂದು ಕೂತ. ಪಟ್ಟಿಗೆ ನಮಸ್ಕಾರ ಮಾಡಿದ. ಎಂಜಿನ್ ಶುರು ಮಾಡಿ ಲಿವರ್ ಒತ್ತಿ ಒಂದನೇ ಗೇರಿಗೆ ಕೋಲು ತಂದ.

ಕರ್ರ್.

ವೆಲ್ಡರ್ ತನ್ನ ಕೆಲಸ ಬಿಟ್ಟು ತಲೆ ಎತ್ತಿದ.

"ಇನ್ನೊಂದ್ಸಲ ಹಾಕು," ಎಂದೆ.

ಕರ್ರ್. ರಿವರ್ಸ್ ಹಾಕಿದ. ಅದೂ ಕರ್ರ್. ಹೊಸ ಹಲ್ಲುಗಳು. ನನ್ನ ಬೆನ್ನು ಮುರಿದು ಉಜ್ಜಿದ ಚಕ್ರ.

"ಇಳಿ ಕೆಳಗೆ." ನಾನು ಕೂತು ಹಾಕಿದೆ. ಬೆಣ್ಣೆಯಲ್ಲಿ ಚಾಕು ಇಟ್ಟ ಹಾಗೆ ಹೋಯಿತು. "ನೋಡಿದಿ? ನಾ ಹಾಕಿದ್ರೆ ಬೀಳ್ತೈತೆ. ನಿನ್ನ ಕೈ ಸರಿ ಇಲ್ಲ. ಅವಸರ ಮಾಡ್ತೀ."

"ಅವಸರಾನಾ? ಇಷ್ಟು ವರ್ಷ ಇದೇ ಕೈಲಿ ಓಡ್ಸೀನಿ ಅತ್ಗೆಮ್ಮ. ಅಣ್ಣ ಇದ್ದಾಗ ಒಂದಿನ ಅಂದಿಲ್ಲ ನನ್ನ ಕೈ ಸರಿ ಇಲ್ಲಂತ."

"ಅಣ್ಣ ಇಲ್ಲ ಈಗ. ನಾನೇ ಅದೀನಿ. ಅದಕ್ಕ ಅಂತೀನಿ."

ಅವನ ಮುಖ ಸಣ್ಣದಾಯಿತು. "ಹಂಗಾದ್ರೆ ನಿಮ್ಮತ್ರಾನೇ ಇಟ್ಕಳ್ರಿ. ನನ್ನ ಕೈಗೆ ಬಗ್ಗದ ಗಾಡಿ ಒಯ್ದು ನಾನೇನ್ ಮಾಡ್ಲಿ? ಹೊಸ ಹಲ್ಲೂ ತಿಂದು ಹಾಕ್ತೀನಿ." ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು, ತೊಡೆಯ ಮೇಲೆ ಕೈಯೂರಿ ಕಾಲು ಎಳೆಯುತ್ತ ಬಸ್ ಸ್ಟಾಪಿನ ಕಡೆಗೆ ನಡೆದ. ನಾನು ಕರೆಯಲಿಲ್ಲ.

ವೆಲ್ಡರ್ ಹತ್ತಿರ ಬಂದ. "ಮತ್ತೆ ಇಳ್ಸನಾ ದೊಡ್ಡಮ್ಮ? ಜಾಕು ತರ್ಲಾ?"

ನನಗೂ ಮೊದಲು ಅದೇ ಬಂತು. ಬಿಚ್ಚು, ಉಜ್ಜಿದ್ದು ಜಾಸ್ತಿಯಾಯಿತೇನೋ ನೋಡು. ಜಾಕಿನ ಮೇಲೆ ಕೈಯಿಟ್ಟೂ ಇದ್ದೆ. ಆದರೆ ನಾನು ಹಾಕಿದಾಗ ಬೀಳುವ ಗೇರನ್ನು ಬಿಚ್ಚಿ ಏನು ನೋಡುವುದು? ಬಾಕ್ಸಿಗೆ ಯಾರು ಕೂತಿದ್ದಾರೆ ಎಂದು ತಿಳಿಯುತ್ತದೆಯೇ? ನಮ್ಮಿಬ್ಬರಲ್ಲಿ ಬೇರೆ ಏನಿದೆ ಎಂದು ಯೋಚಿಸಿದೆ. ಅವನು ಕೈಯಲ್ಲಿ ಒತ್ತುತ್ತಾನೆ. ನಾನು ಕಾಲಲ್ಲಿ ಒತ್ತುತ್ತೇನೆ. ಅಷ್ಟು ದಿನ ಆ ಕಾರಿನಲ್ಲಿ ಕೂತೆದ್ದರೂ ನಾನು ಒಮ್ಮೆಯೂ ಆ ಲಿವರ್ ಮುಟ್ಟಿರಲಿಲ್ಲ. ಎರಡು ಕಾಲಿದ್ದವಳಿಗೆ ಅದರ ನೆನಪೇ ಬರುವುದಿಲ್ಲ.

"ಜಾಕು ಬ್ಯಾಡ," ಎಂದೆ. "ನಿನ್ನ ಟವಲ್ ಕೊಡು."

ಕಾಲು ಅಭ್ಯಾಸಕ್ಕೆ ತಾನಾಗಿ ಪೆಡಲಿಗೆ ಹೋಗುತ್ತದೆ. ಅದಕ್ಕೇ ಎಡಗಾಲನ್ನು ಟವಲಿನಿಂದ ಸೀಟಿನ ಕಾಲಿಗೆ ಬಿಗಿದು ಕಟ್ಟಿಸಿಕೊಂಡೆ. ಎಂಜಿನ್ ಶುರು ಮಾಡಿ ಲಿವರನ್ನು ಪೂರ್ತಿ ಒತ್ತಿದೆ, ಗಟ್ಟಿಯಾಗಿ, ಬೆರಳು ಬೆಳ್ಳಗಾಗುವ ಹಾಗೆ. ನಿಧಾನಕ್ಕೆ ಕೋಲು ತಂದೆ.

ಕರ್ರ್.

ವೆಲ್ಡರ್ ಹೊರಗಿನಿಂದ ಬಾಗಿಲಲ್ಲಿ ತಲೆ ಹಾಕಿ, "ದೊಡ್ಡಮ್ಮ, ನಿಮ್ಮ ಕೈಯೂ ಸರಿ ಇಲ್ಲೇನು?" ಎಂದ. ಸರಿಯಾಗಿಯೇ ಅಂದ.

ಎಂಜಿನ್ ನಿಲ್ಲಿಸಿ, ಕಾಲು ಬಿಚ್ಚಿ ಕೆಳಗಿಳಿದೆ. ಅವನನ್ನು ಕೂರಿಸಿ, "ಲಿವರ್ ಒತ್ತಿ ಹಿಡಿ" ಎಂದು ನಾನು ಪೆಡಲನ್ನು ನೋಡಿದೆ. ಪೆಡಲು ಇಳಿಯಿತು, ಆದರೆ ಪೂರ್ತಿ ಇಳಿಯಲಿಲ್ಲ. ನೆಲಕ್ಕೆ ಇನ್ನೂ ಮೂರು ಬೆರಳು ಇರುವಾಗಲೇ ನಿಂತಿತು. ಕ್ಲಚ್ಚು ಅರ್ಧ ಬಿಟ್ಟು ಅರ್ಧ ಹಿಡಿದುಕೊಂಡೇ ಇತ್ತು. ಒಳಗೆ ಚಕ್ರ ತಿರುಗುತ್ತಲೇ ಇರುತ್ತದೆ, ಅದಕ್ಕೆ ಒಂದನೇ ಗೇರನ್ನು ತಂದು ಹಚ್ಚಿದರೆ ಹಲ್ಲು ಉಳಿಯುತ್ತದೆಯೇ? ಮೇಸ್ತ್ರಿ ಹೇಳಿದ್ದು ಅದನ್ನೇ. ಕೇಬಲ್ ಬಿಗಿ ಮಾಡುವ ನಟ್ಟು ನೋಡಿದೆ. ವರ್ಷ ವರ್ಷ ಬಿಗಿ ಮಾಡಿ ಮಾಡಿ ತಿರುಪಿನ ಕೊನೆಗೆ ಬಂದು ನಿಂತಿತ್ತು. ಕೈಯ ಎಳೆತ ನಡುವೆ ಎಲ್ಲೋ ಸೋರಿಹೋಗುತ್ತಿತ್ತು. ನಡುವೆ ಇರುವುದು ಆ ಪಟ್ಟಿ, ಆ ದಾರ.

ಪಟ್ಟಿಯನ್ನು ಅಲ್ಲಾಡಿಸಿದೆ. ಸದ್ದಿಲ್ಲ. ಸವೆದ ಪಿನ್ನು ಲೊಟಲೊಟ ಅನ್ನಬೇಕು. ದಾರ, ಕುಂಕುಮ, ಜಿಡ್ಡು ತುಂಬಿಕೊಂಡು ಅದರ ಬಾಯಿ ಕಟ್ಟಿತ್ತು.

ಆಗಲೇ ಕೊಯ್ದುಬಿಡಬಹುದಿತ್ತು. ಚಾಕು ಕೈಯಲ್ಲೇ ಇತ್ತು. ಆದರೆ ಮುಟ್ಟಬ್ಯಾಡ್ರಿ ಅಂದಿದ್ದ. ಅದರ ಮೇಲೆ, ನಾನು ಅವನ ಕೈಯನ್ನು ಬೈದಿದ್ದೆ. ಅವನಿಲ್ಲದಾಗ ಅವನ ಕಾಲನ್ನು ಬಿಚ್ಚುವುದು ಸರಿಯಲ್ಲ ಅನ್ನಿಸಿತು. ಮರುದಿನ ಬೆಳಿಗ್ಗೆ ನಂದಿಗುಡಿಯ ಬಸ್ಸು ಹತ್ತಿದೆ.

ಅವನ ಪಡಸಾಲೆಯಲ್ಲಿ ಮಿಷನ್ನಿನ ತಲೆಗಳು ಸಾಲಾಗಿ ಕೂತಿದ್ದವು. ರಿಪೇರಿಯಾದವು, ಒಯ್ದು ಮುಟ್ಟಿಸುವವರಿಲ್ಲ. ಒಬ್ಬಳು ಬಾಗಿಲಲ್ಲಿ ನಿಂತು, "ಅಣ್ಣಾ, ಶಾಲಿ ಚಾಲೂ ಆದ್ಮ್ಯಾಲೆ ಕೊಡ್ತಿಯೇನು? ಅಂಗಿ ಇಲ್ದೆ ಕಳಿಸ್ಲಾ ಹುಡುಗ್ರನ್ನ?" ಎಂದು ಬೈಯುತ್ತಿದ್ದಳು. ಅವನು ಗೋಡೆ ನೋಡುತ್ತಿದ್ದ.

"ನಿನ್ನ ಕೈ ಸರಿ ಐತೆ," ಎಂದೆ. "ನಂದೂ ಕರ್ರ್ ಅಂತು. ಪಟ್ಟಿ ಪಿನ್ನು ಹೋಗೈತೆ. ದಾರ ಬಿಚ್ಚಬೇಕು."

"ಅದು ಆಗದ ಮಾತು."

"ಯಾಕ ಆಗಲ್ಲ?"

"ಮುರಿದ್ರೆ ಯಾರ್ ಮಾಡ್ತಾರ್ರಿ ಇನ್ನೊಂದು? ಅಣ್ಣ ಬರ್ತಾನಾ? ಈಗ ಕರ್ರ್ ಅಂತಾದ್ರೂ ಹೋಗ್ತೈತೆ. ಬಿಚ್ಚಿದ್ ಮ್ಯಾಲೆ ಅದೂ ಇಲ್ದಂಗಾದ್ರೆ?" ಅವನ ದನಿ ಏರಿತು. ಬಾಗಿಲ ಹೆಂಗಸು ಬೈಯುವುದನ್ನು ನಿಲ್ಲಿಸಿದಳು. "ನಿಮಗೇನು ಅತ್ಗೆಮ್ಮ, ಎರಡು ಕಾಲದಾವೆ."

ಅವನ ಮಾತು ಸರಿಯಾಗಿಯೇ ಇತ್ತು. ಮಿಷನ್ನಿನ ತಲೆಗಳ ಪಕ್ಕದಲ್ಲಿ ಕೂತೆ.

"ನೀ ರಿಪೇರಿ ಮಾಡೋನು," ಎಂದೆ ಆಮೇಲೆ. "ಯಾರಾದ್ರೂ ಮಿಷನ್ನಿನ ಸೂಜಿ ಕಂಬಿಗೆ ಕುಂಕುಮ ಮೆತ್ತಿ ದಾರ ಸುತ್ತಿ, ಹೊಲಿವಲ್ದು ಅಂತ ತಂದ್ರೆ ಏನಂತೀ?"

ಅವನು ನಗಲಿಲ್ಲ. ಆದರೆ ಒಂದು ಮಿಷನ್ನಿನ ಚಕ್ರವನ್ನು ಬೆರಳಲ್ಲಿ ತಿರುಗಿಸಿ ಬಿಟ್ಟ. ಅದು ಸದ್ದಿಲ್ಲದೆ ತಿರುಗಿ ನಿಂತಿತು.

"ಎಣ್ಣಿ ಬಿಡ್ರಿ ಅಂತೀನಿ," ಎಂದ. ಎದ್ದು ಚೀಲಕ್ಕೆ ಕೈ ಹಾಕಿದ.

ಶೆಡ್ಡಿಗೆ ಬಂದ ಮೇಲೆ ಚಾಕು ಕೊಡಹೋದೆ. ಬೇಡವೆಂದು ತನ್ನದೇ ದಾರದ ಕತ್ತರಿ ತೆಗೆದ. ಕಾರಿನ ನೆಲದಲ್ಲಿ ಕೂತು ಮೆಲ್ಲಗೆ ಒಂದೊಂದು ಸುತ್ತನ್ನೂ ಕೊಯ್ದ. ಮೇಲಿನದು ಹಳದಿ. ಒಳಗಿನದು ಕೆಂಪು, ಅದರೊಳಗಿನದು ಕಂದು, ಕೊನೆಗೆ ಕಪ್ಪು. ಕಪ್ಪು ಎಳೆ ಬಿಟ್ಟ ತಕ್ಷಣ ಪಟ್ಟಿ ತಾನಾಗಿ ಒಂದು ಪಕ್ಕಕ್ಕೆ ವಾಲಿ ಟಣ್ ಎಂದಿತು. ಅಷ್ಟು ವರ್ಷದ ಮೇಲೆ ಅದರ ಬಾಯಿ ಬಿಚ್ಚಿತ್ತು.

ಪಿನ್ನನ್ನು ಹೊರಗೆ ಎಳೆದೆ. ನಡು ಜೋಳದ ಕಡ್ಡಿಯಷ್ಟು ಸಣ್ಣಗಾಗಿತ್ತು. ಪಟ್ಟಿಯ ದುಂಡು ತೂತು ಮೊಟ್ಟೆಯಾಕಾರಕ್ಕೆ ಬಂದಿತ್ತು. ಇನ್ನು ನಾಲ್ಕು ದಿನ ಓಡಿಸಿದ್ದರೆ ನಡುರಸ್ತೆಯಲ್ಲೇ ಮುರಿಯುತ್ತಿತ್ತು, ಗೇರಿನಲ್ಲಿರುವಾಗ. ಪಿನ್ನಿಗೆ ಅರ ಹಾಕಿ ಉಜ್ಜಿ ನೋಡಿದೆ. ಮೆದು ಕಬ್ಬಿಣ. ಗಟ್ಟಿ ಮಾಡಿಸಿರಲಿಲ್ಲ. ಆಗ ನೆನಪಾಯಿತು.

"ಸದ್ಯಕ್ಕ ಇದನ್ನ ಹಾಕಿರ್ತೀನಿ, ಆಮ್ಯಾಲೆ ಒಳ್ಳೇದು ಮಾಡ್ಸನ ಅಂದಿದ್ದ ನಿಮ್ಮಣ್ಣ," ಎಂದೆ. "ಆಮ್ಯಾಲೆ ಮರೆತ. ಅವನು ಸದ್ಯಕ್ಕ ಅಂತ ಇಟ್ಟಿದ್ದನ್ನ ನಾವು ದೇವ್ರು ಮಾಡ್ಕೊಂಡು ಕುಂತ್ವಿ."

ಅವನು ಪಿನ್ನನ್ನು ಅಂಗೈಯಲ್ಲಿ ಉರುಳಿಸಿದ.

ಪಟ್ಟಿಯನ್ನು ಎಸೆಯಲಿಲ್ಲ. ಅದರಲ್ಲಿ ತಪ್ಪಿರಲಿಲ್ಲ. ಇಬ್ಬರೂ ಅದನ್ನು ಹಿಡಿದು ಹರಿಹರಕ್ಕೆ ಹೋದೆವು. ಮೇಸ್ತ್ರಿ ಮೊಟ್ಟೆ ತೂತನ್ನು ದೊಡ್ಡದಾಗಿ ದುಂಡಗೆ ಕೊರೆದು, ಒಳಗೆ ಹಿತ್ತಾಳೆ ಬಣ್ಣದ ಲೋಹದ ಬಳೆ, ಬುಷ್ ಅನ್ನುತ್ತಾರೆ, ಕೂರಿಸಿದರು. ಗಟ್ಟಿ ಮಾಡಿಸಿದ ಹೊಸ ಪಿನ್ನಿಗೆ ತುದಿಯಿಂದ ತೂತು ಕೊರೆದು, ಒಳಗೆ ಗ್ರೀಸ್ ತುಂಬಲು ಒಂದು ನಿಪ್ಪಲ್ ಹಾಕಿದರು. ಮಿಷನ್ ರಿಪೇರಿಯವನು ಪಕ್ಕದಲ್ಲಿ ನಿಂತು ಒಂದೊಂದೂ ಕೇಳಿದ. ತೂತು ಎಷ್ಟು ಬಿಗಿ ಇರಬೇಕು, ಯಾಕ ಅಷ್ಟು, ಮುರಿದರೆ ಇನ್ನೊಂದು ಹೆಂಗೆ ಮಾಡೋದು. ಮೇಸ್ತ್ರಿ ಬೇಸರಿಸದೆ ಹೇಳಿದರು. ಬರುವಾಗ ಬಸ್ಸಿನಲ್ಲಿ ಅವನು, "ಇನ್ನೊಂದು ಮಾಡ್ಬಹುದು ಅತ್ಗೆಮ್ಮ, ಅಂಥದ್ದೇನಿಲ್ಲ," ಎಂದ.

ಪಟ್ಟಿ ಕೂರಿಸಿ, ಕೇಬಲ್ ನಟ್ಟನ್ನು ಮೊದಲಿನ ಜಾಗಕ್ಕೆ ತಂದೆ. ಅವನು ಕೂತ. ನಾನು ಬಗ್ಗಿ ಪೆಡಲನ್ನು ನೋಡುತ್ತಿದ್ದೆ. ಲಿವರ್ ಒತ್ತಿದ. ಪೆಡಲು ನೆಲಕ್ಕೆ ಮುಟ್ಟಿತು. ಕೋಲು ತಂದ. ಸದ್ದಿಲ್ಲ.

"ಬಿತ್ತಾ?" ಎಂದ.

"ಬಿತ್ತೋ ಇಲ್ಲೋ ಗಾಡಿ ಹೇಳ್ತೈತೆ. ಬಿಡು."

ಕಾರು ಮುಂದಕ್ಕೆ ಹೋಯಿತು. ತಿರುವಿನಲ್ಲಿ ಎರಡನೆಯದು, ಆಮೇಲೆ ಮೂರನೆಯದು. ಸಾಯಂಕಾಲದೊಳಗೆ ಮಿಷನ್ನಿನ ತಲೆಗಳನ್ನು ಹಿಂದಿನ ಸೀಟಿಗೆ ಹೇರಿಕೊಂಡು ಹ‍ಳ್ಳಿಗಳ ಕಡೆಗೆ ಹೊರಟ ಎಂದು ಆಮೇಲೆ ತಿಳಿಯಿತು. ಹಳೆಯ ಪಿನ್ನು ಬೇಕು ಎಂದು ಕೇಳಿದ್ದ. ಅದಾಗಲೇ ಗುಜರಿಗೆ ಹೋಗಿತ್ತು.

ಆಯುಧ ಪೂಜೆಗೆ ಕಾರು ತೊಳೆದುಕೊಂಡು ಬಂದ. ನನ್ನ ಶೆಡ್ಡಿನಲ್ಲಿ ಸ್ಪ್ಯಾನರುಗಳನ್ನು ಸಾಲಾಗಿಟ್ಟು ವಿಭೂತಿ ಹಚ್ಚುತ್ತಿದ್ದೆ. ಅವನ ಕೈಯಲ್ಲಿ ಅರಿಶಿನದ ದಾರವಿತ್ತು.

"ಎಲ್ಲಿ ಕಟ್ಲಿ ಅತ್ಗೆಮ್ಮ?"

"ಎಲ್ಲಿ ಬೇಕಾದ್ರೂ ಕಟ್ಟು. ತಿರುಗೋ ಜಾಗಕ್ಕ ಬ್ಯಾಡ."

ಅವನು ಮೊದಲು ಗ್ರೀಸ್ ಗನ್ ತೆಗೆದುಕೊಂಡ. ಪಟ್ಟಿಯ ಪಿನ್ನಿಗೆ ಹಚ್ಚಿ, ಅಂಚಿನಿಂದ ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಒತ್ತಿದ. ಬಟ್ಟೆಯಿಂದ ಒರೆಸಿದ. ಆಮೇಲೆ ದಾರವನ್ನು ಸ್ಟೀರಿಂಗಿಗೆ ಕಟ್ಟಿದ. ಗ್ರೀಸ್ ಗನ್ನಿಗೂ ಒಂದು ಕುಂಕುಮದ ಬೊಟ್ಟಿಟ್ಟ. ಪಟ್ಟಿಗೆ ಕುಂಕುಮ ಹಚ್ಚುವಾಗ ಒಂದು ಚಿಟಿಕೆ ಉದುರಿ ನಿಪ್ಪಲಿನ ಬಾಯಿಯ ಮೇಲೆ ಬಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅವನು ಅದನ್ನು ಹೆಬ್ಬೆರಳಿನಿಂದ ಒರೆಸಿ ತೆಗೆದ.